ಆರ್ಟಿಫಿಷಿಯಲ್ ಹೂವಿನ ಹಾರಕ್ಕೆ ಯಾವ ಎಚ್‌ಎಸ್ ಕೋಡ್? ಬೆಂಗಳೂರಿನ ಆಮದುದಾರರಿಗೆ ಸಮಗ್ರ ಮಾರ್ಗದರ್ಶಿ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ನಲ್ಲಿ ಕನಕಾಂಬರದ ರೇಟ್ ಕೇಳಿದವರಿಗೆ ಆರ್ಟಿಫಿಷಿಯಲ್ ಹೂವಿನ ವ್ಯಾಪಾರ ಯಾಕೆ ಇಷ್ಟು ಬೆಳೆಯಿತು ಅಂತ ಬೇರೆ ಹೇಳಬೇಕಿಲ್ಲ. ಚಿಕ್ಕಪೇಟೆ, ಮಾಮೂಲ್‌ಪೇಟೆ ಕಡೆ ಎಷ್ಟೋ ಅಂಗಡಿಯವರು ಈಗ ಏಜೆಂಟರನ್ನು ಬಿಟ್ಟು ತಾವೇ ನೇರವಾಗಿ ಚೀನಾದಿಂದ ಮಾಲು ತರಿಸುತ್ತಿದ್ದಾರೆ. ಮಾಲು ಆರಿಸುವುದು, ರೇಟ್ ಕುದುರಿಸುವುದು ಇವರಿಗೆ ಚೆನ್ನಾಗಿ ಗೊತ್ತು. ಸಿಕ್ಕಿಹಾಕಿಕೊಳ್ಳುವುದು ಎಚ್‌ಎಸ್ ಕೋಡ್‌ನಲ್ಲಿ, ಅಂದರೆ ಮಾಲು ಯಾವ ಬಗೆಯದು ಅಂತ ಕಸ್ಟಮ್ಸ್‌ಗೆ ಹೇಳುವ ವರ್ಗೀಕರಣದ ನಂಬರ್‌ನಲ್ಲಿ.

ಸಪ್ಲೈಯರ್ ಇನ್‌ವಾಯ್ಸ್‌ನಲ್ಲಿ ಒಂದು ನಂಬರ್ ಹಾಕಿರುತ್ತಾನೆ. ಅದನ್ನೇ ಬಿಲ್ ಆಫ್ ಎಂಟ್ರಿಗೆ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆಗೆ) ಏರಿಸಿಬಿಡುವುದು ರೂಢಿ. ಆದರೆ 1962ರ ಕಸ್ಟಮ್ಸ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಸುಂಕವನ್ನು ಮೊದಲು ಲೆಕ್ಕ ಹಾಕಿ ಘೋಷಿಸಬೇಕಾದವರು ಆಮದುದಾರರೇ. ಕೋಡ್ ತಪ್ಪಾದರೆ ಸಪ್ಲೈಯರ್ ಹಾಂಗ್ಝೌನಲ್ಲಿ ಆರಾಮಾಗಿ ಇರುತ್ತಾನೆ, ನೋಟಿಸ್ ಬರುವುದು ನಿಮ್ಮ ಅಂಗಡಿಗೆ. ಅವನ ನಂಬರ್‌ನಲ್ಲಿ ಮೊದಲ ಆರು ಅಂಕಿ ಮಾತ್ರ ಎಲ್ಲ ದೇಶಗಳಿಗೂ ಒಂದೇ. ಅದರ ಮುಂದಿನ ಅಂಕಿಗಳು ಆಯಾ ದೇಶದ್ದು. ಅವನು ಬರೆದ ಎಂಟು ಅಥವಾ ಹತ್ತು ಅಂಕಿ ನಮ್ಮ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಾಕ್ಸ್ ಮೇಲೆ "ಗಾರ್ಲಂಡ್" ಅಂತ ಇದ್ದ ಮಾತ್ರಕ್ಕೆ ಕೋಡ್ ತೀರ್ಮಾನ ಆಗುವುದಿಲ್ಲ. ಎಸಳು ಯಾವುದರಿಂದ ಮಾಡಿದ್ದು, ಅದನ್ನು ಹೇಗೆ ಜೋಡಿಸಿದ್ದಾರೆ ಅನ್ನುವ ಎರಡು ಪ್ರಶ್ನೆಗಳೇ ಮುಕ್ಕಾಲು ಪಾಲು ಉತ್ತರ ಕೊಡುತ್ತವೆ.

ಹಂತ 1: ಸ್ಯಾಂಪಲ್ ಬಿಚ್ಚಿ ನೋಡಿ

ಆರ್ಡರ್ ಕೊಡುವ ಮೊದಲೇ ಪ್ರತಿ ಡಿಸೈನ್‌ನ ಒಂದೊಂದು ಪೀಸ್ ತರಿಸಿಕೊಳ್ಳಿ. ಫೋಟೋ ನೋಡಿ ಕೋಡ್ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಉದಾಹರಣೆಗೆ ಐದು ಅಡಿಯ ಚೆಂಡುಹೂವಿನ ಸರ ತಗೊಳ್ಳಿ. ಮೇಲಿನ ಗಂಟು ಬಿಚ್ಚಿ ಒಂದು ಹೂ ಹೊರಗೆ ಎಳೆದರೆ ಒಳಗಿನ ರಚನೆ ಕಾಣುತ್ತದೆ. ಅಂಚು ಕತ್ತರಿ ಕತ್ತರಿಯಾಗಿರುವ ದುಂಡನೆಯ ಬಟ್ಟೆ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ನಡುವೆ ಒಂದು ತೂತು. ಅದರಲ್ಲಿ ನೈಲಾನ್ ದಾರ ಹಾದುಹೋಗಿರುತ್ತದೆ. ಎರಡು ಹೂವಿನ ಮಧ್ಯೆ ಒಂದು ಹಸಿರು ಪ್ಲಾಸ್ಟಿಕ್ ತೊಟ್ಟು ಅಥವಾ ಚಿನ್ನದ ಬಣ್ಣದ ಮಣಿ. ಇದನ್ನೆಲ್ಲ ಬೇರೆ ಬೇರೆ ಮಾಡಿ ಚಿಕ್ಕ ತಕ್ಕಡಿಯಲ್ಲಿ ತೂಗಿ: ಬಟ್ಟೆ ಎಷ್ಟು ಗ್ರಾಂ, ಪ್ಲಾಸ್ಟಿಕ್ ಎಷ್ಟು ಗ್ರಾಂ, ದಾರ ಎಷ್ಟು. ಒಂದು ಹಾಳೆಯಲ್ಲಿ ಬರೆದು, ಬಿಚ್ಚಿದ ಭಾಗಗಳ ಫೋಟೋ ತೆಗೆದಿಡಿ. ಮುಂದೆ ಯಾರಾದರೂ ಪ್ರಶ್ನೆ ಕೇಳಿದರೆ ಈ ಹಾಳೆಯೇ ನಿಮ್ಮ ಉತ್ತರ.

ಎಸಳು ಬಟ್ಟೆಯದೋ ಪ್ಲಾಸ್ಟಿಕ್‌ನದೋ ಅಂತ ಅನುಮಾನ ಬಂದರೆ ಒಂದು ಭೂತಗನ್ನಡಿ ಸಾಕು. ನೇಯ್ಗೆಯ ಎಳೆಗಳು ಕಂಡರೆ ಅದು ಬಟ್ಟೆ. ಎಳೆ ಇಲ್ಲದೆ ನುಣ್ಣಗೆ, ಸ್ಪಂಜಿನ ಹಾಗೆ ಮೆತ್ತಗಿದ್ದರೆ ಹೆಚ್ಚಾಗಿ ಇವಿಎ ಅಥವಾ ಪಿಇ ಅನ್ನುವ ಪ್ಲಾಸ್ಟಿಕ್ ಫೋಮ್. ಒಂದು ಎಸಳಿಗೆ ಬೆಂಕಿ ತೋರಿಸಿಯೂ ನೋಡಬಹುದು. ಪಿಇ ಮೇಣದ ಬತ್ತಿಯ ವಾಸನೆ ಬಂದು ತೊಟ್ಟಿಕ್ಕುತ್ತದೆ, ಹತ್ತಿಬಟ್ಟೆ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ. ಬಾಲ್ಕನಿಯಲ್ಲಿ ಮಾಡಿ, ಗೋಡೌನ್ ಒಳಗೆ ಬೇಡ.

ಇಲ್ಲೊಂದು ಗೊಂದಲ ಎಲ್ಲರಿಗೂ ಆಗುತ್ತದೆ. "ಪಾಲಿಯೆಸ್ಟರ್ ಕೂಡ ಪ್ಲಾಸ್ಟಿಕ್ಕೇ ಅಲ್ವಾ?" ಅಂತ ಕೇಳುತ್ತಾರೆ. ರಸಾಯನಶಾಸ್ತ್ರದಲ್ಲಿ ಹೌದು. ಟ್ಯಾರಿಫ್‌ನಲ್ಲಿ ನೂಲಾಗಿ ನೇಯ್ದ ಪಾಲಿಯೆಸ್ಟರ್ ಜವಳಿ. ಸಪ್ಲೈಯರ್ "ಸಿಲ್ಕ್ ಫ್ಲವರ್" ಅಂತ ಬರೆದಿರುವುದೂ ಬಹಳ ಸಲ ಇದೇ ಪಾಲಿಯೆಸ್ಟರ್ ಬಟ್ಟೆಯೇ, ಅದರಲ್ಲಿ ರೇಷ್ಮೆ ಇರುವುದಿಲ್ಲ. ಆ ಪದವನ್ನು ಇನ್‌ವಾಯ್ಸ್‌ನಿಂದ ತೆಗೆಸಿ.

ಹಂತ 2: 6702 ಏನು ಹೇಳುತ್ತದೆ

ಟ್ಯಾರಿಫ್‌ನ 67ನೇ ಚಾಪ್ಟರ್ ವಿಚಿತ್ರವಾದ ಮನೆ. ಹಕ್ಕಿ ಗರಿ, ಆರ್ಟಿಫಿಷಿಯಲ್ ಹೂವು, ತಲೆಕೂದಲಿನ ವಿಗ್ ಎಲ್ಲ ಒಂದೇ ಸೂರಿನಡಿ. ಅದರ 6702 ಹೆಡ್ಡಿಂಗ್‌ನಲ್ಲಿ (ಹೆಡ್ಡಿಂಗ್ ಅಂದರೆ ನಾಲ್ಕಂಕಿಯ ಗುಂಪು) ಕೃತಕ ಹೂವು, ಎಲೆ, ಹಣ್ಣು, ಅವುಗಳ ಬಿಡಿಭಾಗ ಮತ್ತು ಅವುಗಳಿಂದ ಮಾಡಿದ ವಸ್ತುಗಳು ಬರುತ್ತವೆ. ಹಾರ, ಬೊಕೆ, ತೋರಣ ಎಲ್ಲ ಈ ಕೊನೆಯ ಗುಂಪಿನವು. ವಿಶ್ವ ಕಸ್ಟಮ್ಸ್ ಸಂಸ್ಥೆಯ ವಿವರಣಾ ಟಿಪ್ಪಣಿಗಳಲ್ಲಿ ಹಾರದ ಹೆಸರನ್ನೇ ಹೇಳಿದ್ದಾರೆ. ಆ ಟಿಪ್ಪಣಿಗಳು ಕಾನೂನಿನ ಭಾಗ ಅಲ್ಲದಿದ್ದರೂ ಅವುಗಳಿಗೆ ತೂಕ ಇದೆ. 1995ರ ವುಡ್ ಕ್ರಾಫ್ಟ್ ಪ್ರಾಡಕ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವರ್ಗೀಕರಣದ ಅನುಮಾನಗಳಿಗೆ ಎಚ್‌ಎಸ್‌ಎನ್ ಅನ್ನು (ಈ ಎಚ್‌ಎಸ್ ಪಟ್ಟಿ ಮತ್ತು ಅದರ ಟಿಪ್ಪಣಿಗಳನ್ನು) ನಂಬಬಹುದಾದ ಆಧಾರವಾಗಿ ಒಪ್ಪಿಕೊಂಡಿತು.

ಇನ್ನು ಚಾಪ್ಟರ್‌ನ 3ನೇ ನೋಟ್. ಇದನ್ನು ಓದದೆ ಮುಂದೆ ಹೋಗಲೇಬೇಡಿ. ಗಾಜಿನ ವಸ್ತುಗಳು 6702ರಲ್ಲಿ ಬರುವುದಿಲ್ಲ, 70ನೇ ಚಾಪ್ಟರ್‌ಗೆ ಹೋಗುತ್ತವೆ. ಮಣ್ಣು, ಕಲ್ಲು, ಲೋಹ, ಮರ ಅಥವಾ ಬೇರೆ ಯಾವುದೇ ವಸ್ತುವಿನಲ್ಲಿ ಅಚ್ಚು ಹೊಯ್ದು, ಕೆತ್ತಿ, ಒತ್ತಿ ಒಂದೇ ತುಂಡಾಗಿ ಮಾಡಿದ ಹೂವೂ ಬರುವುದಿಲ್ಲ. ಭಾಗಗಳನ್ನು ಕಟ್ಟಿ, ಅಂಟಿಸಿ, ಒಂದರೊಳಗೊಂದು ಸಿಕ್ಕಿಸಿ ಅಥವಾ ಅಂಥದ್ದೇ ವಿಧಾನದಲ್ಲಿ ಜೋಡಿಸಿದ್ದಾದರೆ ಮಾತ್ರ 6702.

"ಬೇರೆ ಯಾವುದೇ ವಸ್ತು" ಅಂದಾಗ ಪ್ಲಾಸ್ಟಿಕ್ ಕೂಡ ಬಂತು. ನೀರಿನ ಮೇಲೆ ತೇಲಿಬಿಡುವ ಕಮಲ ನೋಡಿ. ಫೋಮ್ ಎಸಳುಗಳನ್ನು ಪದರ ಪದರವಾಗಿ ಸಿಕ್ಕಿಸಿದ್ದರೆ 6702. ನೋಡಲು ಅದೇ ಥರ ಇದ್ದರೂ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಒಂದೇ ಅಚ್ಚಿನಿಂದ ಹೊರಬಂದಿದ್ದರೆ ಅದು 3926 40, ಪ್ಲಾಸ್ಟಿಕ್ ಅಲಂಕಾರದ ವಸ್ತು. ಹಿತ್ತಾಳೆಯಲ್ಲಿ ಎರಕ ಹೊಯ್ದ ಕಮಲ 8306. ಒಂದೇ ಕಾರ್ಟನ್‌ನಲ್ಲಿ ಬಂದ ಮೂರು ಕಮಲಕ್ಕೆ ಮೂರು ಹೆಡ್ಡಿಂಗ್.

ಮಾವಿನ ಎಲೆ ತೋರಣದಲ್ಲಿ ಇದೇ ಪ್ರಶ್ನೆ ಸ್ವಲ್ಪ ನಾಜೂಕು. ಒಂದೊಂದು ಎಲೆಯೂ ಅಚ್ಚಿನಿಂದ ಬಂದ ಒಂದೇ ತುಂಡು. ಆದರೆ ನಾವು ತರಿಸುತ್ತಿರುವುದು ಬಿಡಿ ಎಲೆಯನ್ನಲ್ಲ, ಎಲೆಗಳನ್ನು ದಾರಕ್ಕೋ ಕಡ್ಡಿಗೋ ಸಿಕ್ಕಿಸಿ ಕಟ್ಟಿದ ತೋರಣವನ್ನು. ಜೋಡಣೆ ನೋಟ್ ಹೇಳುವ ರೀತಿಯಲ್ಲೇ ಇದೆ. ಹಾಗಾಗಿ ನಾನು ಇದನ್ನು 6702ರಲ್ಲೇ ಇಡುತ್ತೇನೆ. ಎಲೆ, ಕಾಂಡ, ಪಟ್ಟಿ ಎಲ್ಲ ಸೇರಿ ಒಂದೇ ಅಚ್ಚಿನ ಪ್ಲಾಸ್ಟಿಕ್ ಪಟ್ಟಿಯಾಗಿದ್ದರೆ ಮಾತು ಬೇರೆ.

ಹಂತ 3: 10 ಅಥವಾ 90?

6702 ಅಂತ ಗಟ್ಟಿಯಾದ ಮೇಲೆ ಮುಂದಿನ ಅಂಕಿಗಳು. ಪ್ಲಾಸ್ಟಿಕ್‌ನದಾದರೆ 6702 10, ಬೇರೆ ವಸ್ತುವಿನದಾದರೆ 6702 90. ಪ್ಲಾಸ್ಟಿಕ್ ಒಳಗೆ ಅಲಂಕಾರದ ಗಿಡಗಳಿಗೆ 6702 10 10, ಉಳಿದದ್ದಕ್ಕೆ 6702 10 90. ಹಾರ ಗಿಡ ಅಲ್ಲ, ಹಾಗಾಗಿ ಕೊನೆಯದ್ದು. 90ರ ಒಳಗೆ ಸೆಣಬಿನದ್ದು 6702 90 10, ಉಳಿದದ್ದು 6702 90 90.

ಎರಡೂ ಬೆರೆತಿದ್ದರೆ ಏನು ಮಾಡುವುದು? ನಮ್ಮ ಚೆಂಡುಹೂವಿನ ಸರದಲ್ಲಿ ಎಸಳು ಬಟ್ಟೆ, ತೊಟ್ಟು ಪ್ಲಾಸ್ಟಿಕ್. ಟ್ಯಾರಿಫ್ ಅನ್ನು ಹೇಗೆ ಓದಬೇಕು ಅಂತ ಹೇಳುವ ವ್ಯಾಖ್ಯಾನದ ಸಾಮಾನ್ಯ ನಿಯಮಗಳಲ್ಲಿ 3ಬಿ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ವಸ್ತುವಿಗೆ ಅದರ ಮುಖ್ಯ ಗುಣ ಕೊಡುವ ಭಾಗ ಯಾವುದೋ ಅದರ ಪ್ರಕಾರ ವರ್ಗೀಕರಣ. 6ನೇ ನಿಯಮದಿಂದಾಗಿ ಸಬ್‌ಹೆಡ್ಡಿಂಗ್ (ಹೆಡ್ಡಿಂಗ್ ಒಳಗಿನ ಆರಂಕಿಯ ಗುಂಪು) ಆರಿಸುವಾಗಲೂ ಇದನ್ನೇ ಬಳಸುತ್ತೇವೆ. ಹೂವನ್ನು ಹೂವು ಅನ್ನಿಸುವಂತೆ ಮಾಡುವುದು ಎಸಳು. ಗಿರಾಕಿ ಕೈಯಲ್ಲಿ ಹಿಡಿದು ನೋಡುವುದೂ ಅದನ್ನೇ. ಪ್ಲಾಸ್ಟಿಕ್ ತೊಟ್ಟು ನಾಲ್ಕು ಗ್ರಾಂ ಜಾಸ್ತಿ ತೂಗಿದರೂ ಬಟ್ಟೆ ಎಸಳಿನ ಸರ 6702 90 90 ಅಂತಲೇ ನಾನು ವಾದಿಸುತ್ತೇನೆ. ಫೋಮ್ ಎಸಳಿನ ಗುಲಾಬಿ ಹಾರ 6702 10 90. ಎಲೆಯೇ ಜಾಸ್ತಿ ಇದ್ದು ಅಲ್ಲೊಂದು ಇಲ್ಲೊಂದು ಬಟ್ಟೆ ಹೂ ಇರುವ ಬಳ್ಳಿಯಲ್ಲಿ ಎಲೆ ಯಾವುದರದ್ದು ಅಂತ ನೋಡಬೇಕು.

ಎರಡೂ ಕಡೆ ಸುಂಕ ಒಂದೇ ತಾನೇ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಕೇಳಬಹುದು. ದರ ಒಂದೇ ಇದ್ದರೂ ನೀವು ಬರೆದುಕೊಡುವ ವಿವರಣೆ ಮತ್ತು ಕೋಡ್ ಒಂದಕ್ಕೊಂದು ತಾಳೆಯಾಗಬೇಕು. ವ್ಯಾಪಾರ ಒಪ್ಪಂದದ ರಿಯಾಯಿತಿ ಕೇಳುವ ಸಂದರ್ಭ ಬಂದರೆ ಸರ್ಟಿಫಿಕೇಟ್ ಆಫ್ ಒರಿಜಿನ್‌ನಲ್ಲಿರುವ (ಮಾಲು ಯಾವ ದೇಶದ್ದು ಅನ್ನುವ ಪತ್ರದಲ್ಲಿರುವ) ಸಬ್‌ಹೆಡ್ಡಿಂಗ್ ಕೂಡ ಇದಕ್ಕೆ ಹೊಂದಬೇಕು. ಬಟ್ಟೆಯ ಸರಕ್ಕೆ ಪ್ಲಾಸ್ಟಿಕ್ ಅಂತ ಬರೆದ ಬಿಲ್ ನೋಡಿದ ಅಧಿಕಾರಿ ಉಳಿದ ಸಾಲುಗಳನ್ನೂ ಅನುಮಾನದಿಂದಲೇ ನೋಡುತ್ತಾರೆ.

ಹಂತ 4: ಅಕ್ಕಪಕ್ಕದ ಹೆಡ್ಡಿಂಗ್‌ಗಳನ್ನು ತಳ್ಳಿಹಾಕಿ

ಜಗಳ ಜಾಸ್ತಿ ಆಗುವುದು 9505ರ ಜೊತೆ. ಅದು ಹಬ್ಬ, ಕಾರ್ನಿವಲ್, ಮನರಂಜನೆಯ ವಸ್ತುಗಳ ಹೆಡ್ಡಿಂಗ್. ಅದರ ವಿವರಣಾ ಟಿಪ್ಪಣಿಯಲ್ಲೂ ಹಾರ ಅನ್ನುವ ಮಾತಿದೆ. ಹಾಗಂತ ದೀಪಾವಳಿಗೆ ಮಾರುವ ಚೆಂಡುಹೂವಿನ ಸರ 9505ಕ್ಕೆ ಹೋಗುತ್ತದಾ? ನನ್ನ ಉತ್ತರ ಇಲ್ಲ. 9505ರಲ್ಲಿ ಹೇಳುವ ಅಲಂಕಾರಗಳು ಸಾಮಾನ್ಯವಾಗಿ ಬಾಳಿಕೆ ಬರದ ಸಾಮಾನಿನಿಂದ ಮಾಡಿದವು: ಕಾಗದದ ತೋರಣ, ಕ್ರಿಸ್‌ಮಸ್ ಗಿಡಕ್ಕೆ ಸುತ್ತುವ ಮಿನುಗು ಹಾಳೆಯ ಜರಿ. ಚೆಂಡುಹೂವಿನ ಸರ ಹಬ್ಬಕ್ಕೂ ಬೇಕು, ಮದುವೆಗೂ ಬೇಕು, ಹೊಸ ಅಂಗಡಿ ಓಪನಿಂಗ್‌ಗೂ ಬೇಕು. ಆಯುಧಪೂಜೆಗೆ ಕಟ್ಟಿದ್ದನ್ನು ಆಟೋದವರು ಸಂಕ್ರಾಂತಿವರೆಗೂ ಬಿಚ್ಚುವುದಿಲ್ಲ. ಅದರ ಗುರುತು ಹೂವಿನದು, ಹಬ್ಬದ್ದಲ್ಲ. ಮಿನುಗು ಹಾಳೆಯ ಜರಿ ಸರದಲ್ಲಿ ಹೂವೇ ಇಲ್ಲ, ಅದಕ್ಕೆ 9505 ನೋಡಿ. ಆರ್ಟಿಫಿಷಿಯಲ್ ಕ್ರಿಸ್‌ಮಸ್ ಟ್ರೀ ಕೂಡ ಅಲ್ಲಿಗೇ ಸೇರುತ್ತದೆ.

ಎಲ್‌ಇಡಿ ಇರುವ ಹಾರ ಇನ್ನೂ ಕಷ್ಟ. 2022ರ ಎಚ್‌ಎಸ್ ಆವೃತ್ತಿಯಲ್ಲಿ ಕ್ರಿಸ್‌ಮಸ್ ಟ್ರೀಗೆ ಹಾಕುವ ರೀತಿಯ ಎಲ್‌ಇಡಿ ಬೆಳಕಿನ ಸರಕ್ಕೆ 9405 31 ಅಂತಲೇ ಜಾಗ ಮಾಡಿದ್ದಾರೆ. ಸೀರಿಯಲ್ ಸೆಟ್‌ಗೆ ಬಲ್ಬಿಗೊಂದು ಚಿಕ್ಕ ಪ್ಲಾಸ್ಟಿಕ್ ಗುಲಾಬಿ ತೊಡಿಸಿದ್ದರೆ ಅದು ದೀಪವೇ, 9405. ದಪ್ಪನೆಯ ಹೂಬಳ್ಳಿಯ ಒಳಗೆ ಸಣ್ಣ ಬ್ಯಾಟರಿ ಸೆಲ್‌ನ ತಂತಿ ಸುತ್ತಿದ್ದರೆ ಹೂವೇ ಮುಖ್ಯ ಅಂತ ವಾದಿಸಬಹುದು. ಒಂದು ಸುಲಭ ಪರೀಕ್ಷೆ ಇದೆ: ದೀಪ ಕೆಟ್ಟ ಮೇಲೂ ಗಿರಾಕಿ ಅದನ್ನು ತೂಗುಹಾಕುತ್ತಾರಾ? ಇದು ಕಾನೂನಿನ ಮಾತಲ್ಲ, ಯೋಚನೆಗೆ ದಾರಿ ಅಷ್ಟೇ. ಬೆಳಕಿನ ಸರಗಳು ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೊದ) ಕಡ್ಡಾಯ ನೋಂದಣಿ ಪಟ್ಟಿಯಲ್ಲೂ ಇವೆ. ನೋಂದಣಿ ಇಲ್ಲದ ಮಾಲು ಬಂದರೆ ಕೋಡ್‌ಗಿಂತ ದೊಡ್ಡ ತಲೆನೋವು. ಅದನ್ನು ಆರ್ಡರ್ ಕೊಡುವ ಮೊದಲೇ ವಿಚಾರಿಸಿ.

ಒಣಗಿಸಿದ, ಬಣ್ಣ ಹಾಕಿದ ನಿಜವಾದ ಹೂವು ಎಷ್ಟೇ ನಕಲಿ ಥರ ಕಂಡರೂ 6702 ಅಲ್ಲ. ಹೂವಾದರೆ 0603, ಎಲೆಯಾದರೆ 0604. ಅವುಗಳಿಂದ ಮಾಡಿದ ಹಾರ, ಬೊಕೆಯೂ ಅಲ್ಲಿಗೇ, ರಿಬ್ಬನ್ ತಂತಿ ಲೆಕ್ಕಕ್ಕಿಲ್ಲ. ಅಲ್ಲಿಂದ ಸಸ್ಯ ಕ್ವಾರಂಟೈನ್‌ನ ನಿಯಮಗಳು ಶುರುವಾಗುತ್ತವೆ.

ದೇವರ ಫೋಟೋಗೆ ಹಾಕುವ ಬರೀ ಪ್ಲಾಸ್ಟಿಕ್ ಮುತ್ತಿನ ಹಾರದಲ್ಲಿ ಹೂವಿಲ್ಲ, 3926 ನೋಡಿ. ಮುಡಿಯುವ ಮಲ್ಲಿಗೆ ದಂಡೆ, ಮೊಗ್ಗಿನ ಜಡೆ ಹೂವಿನಿಂದಲೇ ಮಾಡಿದವು, 6702. ಕ್ಲಿಪ್ಪೇ ಮುಖ್ಯವಾಗಿ ಅದರ ಮೇಲೊಂದು ಹೂ ಅಂಟಿಸಿದ್ದರೆ 9615ರ ಕಡೆ ತಿರುಗಬೇಕು.

ಹಂತ 5: ಸೆಟ್ ಇದ್ದರೆ

"ಲಕ್ಷ್ಮಿ ಡೆಕೊರೇಷನ್ ಕಿಟ್" ಅಂತ ಒಂದು ಡಬ್ಬಿಯಲ್ಲಿ ಎರಡು ಹಾರ, ಒಂದು ತೋರಣ, ನಾಲ್ಕು ಕಮಲ, ಒಂದು ಬ್ಯಾಕ್‌ಡ್ರಾಪ್ ಬಟ್ಟೆ. ಬೇರೆ ಬೇರೆ ಹೆಡ್ಡಿಂಗ್‌ನ ವಸ್ತುಗಳನ್ನು ಒಂದೇ ಉದ್ದೇಶಕ್ಕೆ, ಮತ್ತೆ ಪ್ಯಾಕ್ ಮಾಡದೆ ನೇರವಾಗಿ ಗಿರಾಕಿಗೆ ಮಾರುವಂತೆ ಇಟ್ಟಿದ್ದರೆ 3ಬಿ ಪ್ರಕಾರ ಸೆಟ್ ಅನ್ನಬಹುದು. ಆಗ ಮುಖ್ಯ ಗುಣ ಕೊಡುವ ವಸ್ತುವಿನ ಕೋಡ್ ಇಡೀ ಡಬ್ಬಿಗೆ. ಕಾರ್ಟನ್‌ನಲ್ಲಿ ಬಿಡಿಬಿಡಿಯಾಗಿ ಬಂದು ಇಲ್ಲಿ ಡಬ್ಬಿಗೆ ತುಂಬುವುದಾದರೆ ಸೆಟ್ ಅಲ್ಲ. ಪ್ರತಿಯೊಂದಕ್ಕೂ ಬೇರೆ ಸಾಲು.

ಹಂತ 6: ಸುಂಕದ ಲೆಕ್ಕ

6702ರ ಮೂಲ ಕಸ್ಟಮ್ಸ್ ಸುಂಕವನ್ನು 2020ರ ಬಜೆಟ್‌ನಲ್ಲಿ ಶೇ 10ರಿಂದ ಶೇ 20ಕ್ಕೆ ಏರಿಸಿದರು. ಅದರ ಮೇಲೆ ಶೇ 10ರಷ್ಟು ಸಮಾಜ ಕಲ್ಯಾಣ ಸರ್ಚಾರ್ಜ್, ಆಮೇಲೆ ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ. ಐಜಿಎಸ್‌ಟಿ ಶೇ 18 ಅಂತ ಇಟ್ಟುಕೊಂಡು 3,00,000 ರೂಪಾಯಿ ಮೌಲ್ಯದ ಮಾಲಿಗೆ ಲೆಕ್ಕ ಹಾಕೋಣ.

ಮೂಲ ಸುಂಕ 60,000. ಸರ್ಚಾರ್ಜ್ ಮೂಲ ಸುಂಕದ ಮೇಲೆ ಮಾತ್ರ, 6,000. ಈಗ ಒಟ್ಟು 3,66,000. ಅದರ ಶೇ 18 ಅಂದರೆ 65,880 ಐಜಿಎಸ್‌ಟಿ. ಕಟ್ಟಬೇಕಾದದ್ದು 1,31,880 ರೂಪಾಯಿ. ಜಿಎಸ್‌ಟಿ ನೋಂದಣಿ ಇದ್ದರೆ ಐಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ತಗೊಳ್ಳಬಹುದು. ಆದ್ದರಿಂದ ಮಾರುವ ರೇಟ್ ಲೆಕ್ಕ ಹಾಕುವಾಗ ಕೈಯಿಂದ ಹೋಗುವ ಖರ್ಚು ಆ 66,000 ಮಾತ್ರ.

ಮೌಲ್ಯ ಅಂದರೆ ಮಾಲಿನ ಬೆಲೆ ಮಾತ್ರ ಅಲ್ಲ, ಸಾಗಣೆ ಮತ್ತು ವಿಮೆಯೂ ಸೇರಬೇಕು. ಬಜೆಟ್ ಆದಮೇಲೆ ದರ ಬದಲಾಗಿರಬಹುದು. ಬಿಲ್ ಆಫ್ ಎಂಟ್ರಿ ಹಾಕುವ ದಿನ ಕಸ್ಟಮ್ಸ್‌ನ ಐಸ್‌ಗೇಟ್ ವೆಬ್‌ಸೈಟ್‌ನಲ್ಲಿ ಕೋಡ್ ಹಾಕಿ ನೋಡಿಬಿಡಿ.

ಸ್ವಲ್ಪ ಸುಂಕ ಉಳಿಸಲು ಹಾರವನ್ನು 39ನೇ ಚಾಪ್ಟರ್‌ನ ಪ್ಲಾಸ್ಟಿಕ್ ವಸ್ತು ಅಂತ ತೋರಿಸುವ ಐಡಿಯಾ ಕೊಡುವವರಿದ್ದಾರೆ. 39ನೇ ಚಾಪ್ಟರ್‌ನ ನೋಟ್‌ಗಳೇ 67ನೇ ಚಾಪ್ಟರ್ ಇರುವ 12ನೇ ಸೆಕ್ಷನ್ನಿನ ವಸ್ತುಗಳನ್ನು ಹೊರಗಿಟ್ಟಿವೆ. ಗೊತ್ತಿದ್ದೂ ಹಾಗೆ ಮಾಡಿದರೆ ಐದು ವರ್ಷ ಹಿಂದಕ್ಕೆ ಹೋಗಿ ಸುಂಕ ಕೇಳಬಹುದು, ಅಷ್ಟೇ ಮೊತ್ತದ ದಂಡವೂ ಬೀಳಬಹುದು. ದುರುದ್ದೇಶ ಇಲ್ಲದ ತಪ್ಪಾದರೆ ಆ ಅವಧಿ ಎರಡು ವರ್ಷ.

ಹಂತ 7: ಇನ್‌ವಾಯ್ಸ್ ಬರೆಸುವ ರೀತಿ

ಕಂಟೇನರ್ ಚೆನ್ನೈ ಬಂದರಿನಿಂದ ವೈಟ್‌ಫೀಲ್ಡ್ ಐಸಿಡಿಗೆ (ಒಳನಾಡಿನ ಕಂಟೇನರ್ ಡಿಪೊಗೆ) ಬಂತು ಅಂದುಕೊಳ್ಳಿ. ಅರ್ಜೆಂಟ್ ಮಾಲಾದರೆ ದೇವನಹಳ್ಳಿಯ ಏರ್ ಕಾರ್ಗೋ. ಮಾಲು ಇಲ್ಲಿದ್ದರೂ ನಿಮ್ಮ ಬಿಲ್ ನೋಡುವ ಅಧಿಕಾರಿ ಬೇರೆ ಊರಿನಲ್ಲಿರಬಹುದು. ಹೀಗೆ ದೂರದಿಂದಲೇ ಬಿಲ್ ನೋಡುವ ಫೇಸ್‌ಲೆಸ್ ಅಸೆಸ್‌ಮೆಂಟ್ ಮೊದಲು ಶುರುವಾದದ್ದೇ ಬೆಂಗಳೂರು ಮತ್ತು ಚೆನ್ನೈಯಲ್ಲಿ, 2020ರ ಜೂನ್ 8ರಂದು, ಅದೂ ಯಂತ್ರ ಮತ್ತು ಎಲೆಕ್ಟ್ರಿಕಲ್ ವಸ್ತುಗಳ 84, 85ನೇ ಚಾಪ್ಟರ್‌ಗೆ. ಅದೇ ವರ್ಷ ಅಕ್ಟೋಬರ್ ಕೊನೆಗೆ ದೇಶಕ್ಕೆಲ್ಲ ಬಂತು. ಹಿಂದೆ ಕಸ್ಟಮ್ಸ್ ಬ್ರೋಕರ್ ಹಾರವನ್ನು ಕೈಯಲ್ಲಿ ಹಿಡಿದು ಟೇಬಲ್ ಮುಂದೆ ನಿಂತು ವಿವರಿಸುತ್ತಿದ್ದರು. ಈಗ ಅಧಿಕಾರಿಗೆ ಕಾಣುವುದು ನಿಮ್ಮ ಅಕ್ಷರ ಮತ್ತು ಅಪ್‌ಲೋಡ್ ಮಾಡಿದ ಫೋಟೋ ಮಾತ್ರ.

ಹಾಗಾಗಿ "ಡೆಕೊರೇಷನ್ ಐಟಮ್ಸ್, 200 ಕಾರ್ಟನ್" ಅಂತ ಒಂದೇ ಸಾಲು ಬರೆದರೆ ಕ್ವೆರಿ, ಅಂದರೆ ಅಧಿಕಾರಿಯ ಪ್ರಶ್ನೆ, ಬಂದೇ ಬರುತ್ತದೆ. ಹೀಗೆ ಬರೆಸಿ: "ಆರ್ಟಿಫಿಷಿಯಲ್ ಮಾರಿಗೋಲ್ಡ್ ಗಾರ್ಲಂಡ್, ಪಾಲಿಯೆಸ್ಟರ್ ಬಟ್ಟೆಯ ಎಸಳು, ಪ್ಲಾಸ್ಟಿಕ್ ತೊಟ್ಟು, ನೈಲಾನ್ ದಾರದಲ್ಲಿ ಪೋಣಿಸಿದ್ದು, ದೀಪ ಇಲ್ಲ, ಉದ್ದ 5 ಅಡಿ". ಇಂಗ್ಲಿಷ್‌ನಲ್ಲಿ ಬರೆಸುವಾಗಲೂ ಇಷ್ಟೇ ವಿವರ ಇರಲಿ. "ದೀಪ ಇಲ್ಲ" ಅನ್ನುವ ಎರಡು ಪದ ಒಂದು ಕ್ವೆರಿಯನ್ನೇ ತಪ್ಪಿಸುತ್ತದೆ. ಬೇರೆ ಬೇರೆ ಡಿಸೈನ್‌ಗೆ ಬೇರೆ ಸಾಲು. ಹಂತ 1ರ ಫೋಟೋ ಮತ್ತು ತೂಕದ ಹಾಳೆಯನ್ನೂ ಜೊತೆಗೆ ಹಾಕಿ.

ಬಿಲ್ ಆಫ್ ಎಂಟ್ರಿ ಹಾಕಲು ತಡ ಮಾಡಬೇಡಿ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಚಿಲ್ಲರೆ ಪ್ಯಾಕ್ ಆದರೆ ಎಂಆರ್‌ಪಿ, ಆಮದುದಾರರ ಹೆಸರು ವಿಳಾಸ, ತಯಾರಾದ ದೇಶ ಇರುವ ಲೇಬಲ್ ಕೂಡ ಬೇಕು.

ಹಂತ 8: ಅನುಮಾನ ಉಳಿದರೆ

ಎಲ್‌ಇಡಿ ಬಳ್ಳಿಯಂಥ ಮಾಲನ್ನು ವರ್ಷ ವರ್ಷವೂ ತರಿಸುವ ಯೋಚನೆ ಇದ್ದರೆ ಮೊದಲೇ ಅಡ್ವಾನ್ಸ್ ರೂಲಿಂಗ್, ಅಂದರೆ ಆಮದಿಗೂ ಮುಂಚೆಯೇ ಕೋಡ್ ಬಗ್ಗೆ ಅಧಿಕೃತ ತೀರ್ಪು, ತಗೊಳ್ಳಿ. ಇದಕ್ಕೆ ದೆಹಲಿ ಮತ್ತು ಮುಂಬೈನಲ್ಲಿ ಪ್ರಾಧಿಕಾರಗಳಿವೆ. ಅರ್ಜಿ ಶುಲ್ಕ 10,000 ರೂಪಾಯಿ, ತೀರ್ಪಿಗೆ ಮೂರು ತಿಂಗಳ ಗಡುವು. ಸಿಕ್ಕಿದ ತೀರ್ಪು ಕೆಲವು ವರ್ಷ ನಡೆಯುತ್ತದೆ, ನಡುವೆ ಕಾನೂನು ಬದಲಾಗದಿದ್ದರೆ. ಒಂದೆರಡು ಕಾರ್ಟನ್ ಟ್ರಯಲ್ ಮಾಲಿಗೆ ಇದು ಅತಿಯಾಯಿತು. ಆಗ ಬ್ರೋಕರ್ ಮೂಲಕ ಫಸ್ಟ್ ಚೆಕ್ ಕೇಳಬಹುದು, ಅಂದರೆ ಮೊದಲು ಮಾಲು ತೆರೆದು ನೋಡಿ ಆಮೇಲೆ ಸುಂಕ ನಿಗದಿ ಮಾಡುವುದು. ಎರಡು ದಿನ ತಡವಾಗಬಹುದು, ಆದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಅಧಿಕಾರಿ ನಿಮ್ಮ ಕೋಡ್ ಒಪ್ಪದೆ ಬದಲಾಯಿಸಿದರು ಅಂತಿಟ್ಟುಕೊಳ್ಳಿ. ಹಬ್ಬ ಹತ್ತಿರ ಬಂತು ಅಂತ ಅಲ್ಲೇ ಬರೆದು ಒಪ್ಪಿಕೊಂಡರೆ ಆಮೇಲೆ ವಾದ ಮಾಡುವುದು ಕಷ್ಟ. ಒಪ್ಪಿಗೆ ಇಲ್ಲ ಅಂತ ದಾಖಲಿಸಿ. ಆಗ ಅವರು 15 ದಿನದೊಳಗೆ ಕಾರಣ ಕೊಟ್ಟು ಲಿಖಿತ ಆದೇಶ ಹೊರಡಿಸಬೇಕು. ಸುಂಕ ಕಟ್ಟಿ ಮಾಲು ಬಿಡಿಸಿಕೊಂಡು, ಆದೇಶ ಕೈಗೆ ಬಂದ 60 ದಿನದೊಳಗೆ ಕಮಿಷನರ್ ಅಪೀಲ್ಸ್ ಮುಂದೆ ಮೇಲ್ಮನವಿ ಹಾಕಬಹುದು. ಮೇಲ್ಮನವಿಯ ಜೊತೆ ಇಡಲು ಸ್ಯಾಂಪಲ್ ಬೇಕಾಗುತ್ತದೆ. ಹಾಗಾಗಿ ಪ್ರತಿ ಲಾಟ್‌ನಿಂದ ಎರಡು ಪೀಸ್ ತೆಗೆದು, ಬಿಲ್ ಆಫ್ ಎಂಟ್ರಿ ನಂಬರ್ ಬರೆದ ಕವರ್‌ನಲ್ಲಿ ಹಾಕಿ, ದಾಖಲೆಗಳ ಜೊತೆ ಐದು ವರ್ಷ ಇಡಿ. ಮಾರಾಟದ ಭರಾಟೆಯಲ್ಲಿ ಹುಡುಗರು ಆ ಎರಡನ್ನೂ ಮಾರಿಬಿಡದ ಹಾಗೆ ಗೋಡೌನ್‌ನಲ್ಲಿ ಬೇಡ, ಆಫೀಸಿನ ಬೀರುವಿನಲ್ಲಿಡಿ.